ನಡುವಿನ ವರ್ಷಗಳನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರೊಬ್ಬರು ಕೋಚ್ ಆದರೆಂಬ ಸುದ್ದಿ ಬಂದಾಗಲೆಲ್ಲ ಕ್ರೀಡಾ ಪುಟಗಳಲ್ಲಿ ಅದೇ ಪಟ್ಟಿ ಕಾಣುತ್ತದೆ: ಆಡಿದ ಪಂದ್ಯ ಎಷ್ಟು, ಗಳಿಸಿದ ಪಾಯಿಂಟ್ ಎಷ್ಟು, ಗೆದ್ದ ಪ್ರಶಸ್ತಿ ಎಷ್ಟು. ಆಟ ಬಿಟ್ಟ ಮೇಲೆ, ಮುಖ್ಯ ಕೋಚ್ ಆಗುವ ಮೊದಲು ಅವರು ಏನು ಮಾಡುತ್ತಿದ್ದರು ಎಂಬುದಕ್ಕೆ ಒಂದು ಸಾಲೂ ಸಿಗುವುದಿಲ್ಲ. ಕೋಚ್ ತಯಾರಾಗುವುದು ಆ ವರ್ಷಗಳಲ್ಲೇ. ಆದ್ದರಿಂದ ಈ ಪತ್ರ.

ಮ್ಯಾಜಿಕ್ ಜಾನ್ಸನ್ ಅವರಷ್ಟು ಆಟ ಬಲ್ಲವರು ವಿರಳ. 1994ರ ಮಾರ್ಚ್‌ನಲ್ಲಿ, ಋತು ಮುಗಿಯುತ್ತ ಬಂದಾಗ, ಅವರು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಲೇಕರ್ಸ್ ತಂಡದ ಕೋಚ್ ಆದರು. 16 ಪಂದ್ಯಗಳಲ್ಲಿ 5 ಗೆಲುವು, 11 ಸೋಲು. ಕೊನೆಯ 10 ಪಂದ್ಯ ಸಾಲಾಗಿ ಸೋಲು. ಮತ್ತೆ ಆ ಕುರ್ಚಿಯತ್ತ ಅವರು ಬರಲಿಲ್ಲ. ಎರಿಕ್ ಸ್ಪೋಲ್‌ಸ್ಟ್ರಾ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಜರ್ಮನಿಯಲ್ಲಿ ಆಡಿ ಬಂದು 1995ರಲ್ಲಿ ಮಯಾಮಿ ಹೀಟ್ ತಂಡದ ವಿಡಿಯೋ ಕೋಣೆ ಸೇರಿದರು. ಮುಖ್ಯ ಕೋಚ್ ಆದದ್ದು 2008ರಲ್ಲಿ, 13 ವರ್ಷದ ಮೇಲೆ. 2012 ಮತ್ತು 2013ರಲ್ಲಿ ತಂಡ ಚಾಂಪಿಯನ್. ಬೆಕಿ ಹ್ಯಾಮನ್ 2013ರಲ್ಲಿ ಮೊಣಕಾಲಿನ ಗಾಯದಿಂದ ಆಟ ನಿಲ್ಲಿಸಿ ಕುಳಿತಿದ್ದಾಗ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡದ ಅಭ್ಯಾಸ, ಕೋಚ್‌ಗಳ ಸಭೆ ಎಲ್ಲದಕ್ಕೂ ಹೋಗಿ ಕುಳಿತು ನೋಡಿದರು. ಮರುವರ್ಷ ಅಲ್ಲೇ ಸಹಾಯಕ ಕೋಚ್ ಆಗಿ ಎಂಟು ಋತು ಕೆಲಸ ಮಾಡಿದರು. 2022ರಲ್ಲಿ ಮಹಿಳಾ ಲೀಗ್‌ನ ಲಾಸ್ ವೇಗಸ್ ಏಸಸ್ ತಂಡದ ಮುಖ್ಯ ಕೋಚ್ ಆದ ವರ್ಷವೇ ಪ್ರಶಸ್ತಿ ಗೆದ್ದರು.

ನೇರವಾಗಿ ಬಂದು ಗೆದ್ದವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಲ್ಯಾರಿ ಬರ್ಡ್ 1997ರಲ್ಲಿ ಇಂಡಿಯಾನಾ ಪೇಸರ್ಸ್‌ಗೆ ಬಂದು ಮೊದಲ ಋತುವಿನಲ್ಲೇ 58 ಪಂದ್ಯ ಗೆದ್ದರು. ಸ್ಟೀವ್ ಕೆರ್ 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೋಚ್ ಆದ ಮೊದಲ ಋತುವಿನಲ್ಲೇ 67 ಗೆಲುವು, ಮೇಲೆ ಪ್ರಶಸ್ತಿ. ಆದರೆ ಈ ಇಬ್ಬರ ಪಕ್ಕದಲ್ಲಿ ಸಹಾಯಕರಾಗಿ ಯಾರು ಕುಳಿತಿದ್ದರು ನೋಡಿ. ಬರ್ಡ್ ಅವರಿಗೆ ಡಿಫೆನ್ಸ್ ನೋಡಿಕೊಳ್ಳಲು ಡಿಕ್ ಹಾರ್ಟರ್, ಆಫೆನ್ಸ್‌ಗೆ ರಿಕ್ ಕಾರ್ಲೈಲ್. ಕೆರ್ ಅವರಿಗೆ ಆಲ್ವಿನ್ ಜೆಂಟ್ರಿ ಮತ್ತು ರಾನ್ ಆಡಮ್ಸ್. ತಮ್ಮಲ್ಲಿಲ್ಲದ ಅನುಭವವನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಸುದ್ದಿಯಲ್ಲಿ ಆ ಹೆಸರುಗಳೇ ಇರುವುದಿಲ್ಲ.

ಆ ನಡುವಿನ ವರ್ಷಗಳಲ್ಲಿ ಕಲಿಯುವುದಾದರೂ ಏನು? ಮೊದಲನೆಯದು, ಕೈಗೆ ರೂಢಿಯಾದದ್ದನ್ನು ಮಾತಿನಲ್ಲಿ ಹೇಳುವುದು. ಪಿಕ್ ಅಂಡ್ ರೋಲ್ ತೆಗೆದುಕೊಳ್ಳಿ: ಜೊತೆಗಾರನೊಬ್ಬ ಡಿಫೆಂಡರ್‌ಗೆ ಅಡ್ಡ ನಿಂತು (ಇದೇ ಸ್ಕ್ರೀನ್) ಚೆಂಡಿರುವವನಿಗೆ ದಾರಿ ಮಾಡಿ, ಆಮೇಲೆ ಬುಟ್ಟಿಯತ್ತ ತಿರುಗಿ ಓಡುವುದು (ಇದೇ ರೋಲ್). ಹತ್ತು ಹದಿನೈದು ವರ್ಷ ಪಾಯಿಂಟ್ ಗಾರ್ಡ್ (ಚೆಂಡು ನಡೆಸುವ ಆಟಗಾರ) ಆಗಿದ್ದವರು ಅದನ್ನು ಯೋಚಿಸದೆ ಆಡುತ್ತಾರೆ. ಕಲಿಸುವಾಗ ‘ಡಿಫೆನ್ಸ್ ನೋಡಿ ಆಡು’ ಅಂದುಬಿಡುತ್ತಾರೆ. ಏನನ್ನು ನೋಡಬೇಕು ಎಂಬುದೇ ಹುಡುಗನಿಗೆ ಗೊತ್ತಿರುವುದಿಲ್ಲ. ಬಿಡಿಸಿ ಹೇಳಬೇಕು. ಸ್ಕ್ರೀನ್ ಹಾಕುವವನು ಎರಡೂ ಪಾದ ಊರಿ ನಿಲ್ಲುವವರೆಗೆ ನೀನು ಕಾಯಬೇಕು. ಮೊದಲೇ ಹೊರಟರೆ ಅವನು ಇನ್ನೂ ಅಲುಗುತ್ತಿರುತ್ತಾನೆ, ಫೌಲ್ ಅವನ ತಲೆಗೆ. ಹಾದುಹೋಗುವಾಗ ನಿನ್ನ ಭುಜ ಅವನ ಸೊಂಟ ಸವರಬೇಕು. ಗೇಣು ಜಾಗ ಬಿಟ್ಟರೂ ಡಿಫೆಂಡರ್ ಅದರಲ್ಲೇ ನುಸುಳುತ್ತಾನೆ. ದಾಟಿದ ಕೂಡಲೇ ಕಣ್ಣು ಎದುರಾಳಿಯ ಎತ್ತರದ ಡಿಫೆಂಡರ್ ಮೇಲಿರಲಿ. ಅವನು ನಿನ್ನ ಮೇಲೆ ಬಂದರೆ ರೋಲ್ ಆಗುತ್ತಿರುವವನಿಗೆ ನೆಲಕ್ಕೆ ಪುಟಿಸಿ ಪಾಸ್. ಹಿಂದೆ ಸರಿದರೆ ಅಲ್ಲೇ ನಿಂತು ಶಾಟ್. ಮೂಲೆಯಲ್ಲಿದ್ದ ಡಿಫೆಂಡರ್ ನೆರವಿಗೆ ಒಳಗೆ ಬಂದರೆ ಚೆಂಡು ಮೂಲೆಗೆ.

ಹೀಗೆ ಬಿಡಿಸಿ ಹೇಳಲು ಬಾರದಿದ್ದಾಗ ಹೊಸ ಕೋಚ್ ತಾನೇ ಚೆಂಡು ಹಿಡಿದು ಅಂಕಣಕ್ಕಿಳಿಯುತ್ತಾರೆ. ಒಮ್ಮೆ ತೋರಿಸಲು ಅಡ್ಡಿಯಿಲ್ಲ. ದಿನವೂ ಅದೇ ಆದರೆ ಚೆಂಡಿಲ್ಲದ ಬದಿಯ ಮೂವರು ಏನು ಮಾಡುತ್ತಿದ್ದಾರೆ ಎಂಬುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಪ್ಲೇ ಕೆಡುವುದು ಹೆಚ್ಚಾಗಿ ಅಲ್ಲೇ, ಅದು ಕಾಣುವುದು ಬೇಸ್‌ಲೈನ್ (ಬುಟ್ಟಿಯ ಹಿಂದಿನ ಗೆರೆ) ಹಿಂದೆ ನಿಂತವರಿಗೆ.

ವಿಡಿಯೋ ಕೋಣೆ ಈ ಕಣ್ಣನ್ನು ತಿದ್ದುತ್ತದೆ. ಎನ್‌ಬಿಎ ಪಂದ್ಯವೊಂದರಲ್ಲಿ ಪ್ರತಿ ತಂಡಕ್ಕೂ ಸುಮಾರು 100 ಬಾರಿ ಚೆಂಡಿನ ಸರದಿ ಬರುತ್ತದೆ. ಎದುರಾಳಿ ಸ್ಕ್ರೀನ್ ಅನ್ನು ಹೇಗೆ ಎದುರಿಸಿದ, ಮೊದಲು ತಪ್ಪಿದ್ದು ಯಾರ ಹೆಜ್ಜೆ, ಕೊನೆಗೆ ಏನಾಯಿತು, ಇಷ್ಟನ್ನು ಒಂದೊಂದು ಸರದಿಗೂ ಗುರುತು ಹಾಕಬೇಕು. ಗಾರ್ಡ್ ಆಗಿದ್ದವರು ಮೊದಮೊದಲು ಗಾರ್ಡ್‌ಗಳ ತಪ್ಪಿರುವ ತುಣುಕುಗಳನ್ನೇ ಆರಿಸಿಡುತ್ತಾರೆ. ಹತ್ತೂ ಜನ ಕಾಣಲು ತಿಂಗಳುಗಳು ಬೇಕು. ಅಷ್ಟು ನೋಡಿಯೂ ತಂಡಕ್ಕೆ ತೋರಿಸಬೇಕಾದ್ದು 12ರಿಂದ 15 ತುಣುಕು ಮಾತ್ರ. ಹತ್ತು ನಿಮಿಷ ದಾಟಿತೆಂದರೆ ಆಟಗಾರರ ಗಮನ ಪರದೆಯ ಮೇಲಿರುವುದಿಲ್ಲ.

ಇನ್ನು ಟೈಮ್‌ಔಟ್, ಅಂದರೆ ಕೋಚ್ ಕೇಳಿ ಪಡೆಯುವ ವಿರಾಮ. ಹೊಸಬರು ಎಡವುವುದು ಇಲ್ಲೇ ಹೆಚ್ಚು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲಿ ಅದು 60 ಸೆಕೆಂಡ್. ಆಟಗಾರರು ಬಂದು ಕೂತು ನೀರು ಕುಡಿಯುವುದರಲ್ಲಿ ಕಾಲು ಭಾಗ ಹೋಯಿತು, ಎದ್ದು ಹೋಗಲು ಇನ್ನಷ್ಟು. ಮಾತಿಗೆ ಉಳಿದದ್ದು ಅರ್ಧ ನಿಮಿಷ. ಬೋರ್ಡ್ ಮೇಲೆ ಮೊದಲು ಚೆಂಡು ಒಳಗೆ ಎಸೆಯುವವನ ಹೆಸರು ಹೇಳಬೇಕು, ಆಮೇಲೆ ಮೊದಲ ಆಯ್ಕೆ, ಅದು ಮುಚ್ಚಿದರೆ ಎರಡನೆಯದು. ಮೂರನೆಯದನ್ನು ಬರೆಯಲೇಬಾರದು. ಆಟ ಚೆನ್ನಾಗಿ ಬಲ್ಲವರು ಐದು ಬಾಣ ಎಳೆದು, ಎಸೆಯುವವನು ಯಾರೆಂದು ಹೇಳುವುದನ್ನೇ ಮರೆತಿರುತ್ತಾರೆ. ಬೋರ್ಡ್ ಹಿಡಿಯುವ ರೀತಿಯೂ ಮುಖ್ಯ: ಚಿತ್ರದಲ್ಲಿರುವ ಬುಟ್ಟಿ, ಕೂತ ಆಟಗಾರನಿಗೆ ನಿಜವಾದ ಬುಟ್ಟಿ ಇರುವ ದಿಕ್ಕಿಗೇ ಕಾಣಬೇಕು. ತಿರುಗುಮುರುಗಾದರೆ ಎಡಕ್ಕೆ ಓಡಬೇಕಾದವನು ಬಲಕ್ಕೆ ಓಡುತ್ತಾನೆ.

ಲೆಕ್ಕವೂ ಬೇಕು. ಫಿಬಾದಲ್ಲಿ ಎರಡನೆಯ ಅರ್ಧಕ್ಕೆ ಮೂರು ಟೈಮ್‌ಔಟ್. ಆದರೆ ಕೊನೆಯ ಎರಡು ನಿಮಿಷದಲ್ಲಿ ಬಳಸಲು ಸಿಗುವುದು ಎರಡೇ. ಮೂರನ್ನೂ ಕೂಡಿಟ್ಟುಕೊಂಡು ಕುಳಿತವರಿಗೆ ಒಂದು ಕಣ್ಣೆದುರೇ ಹೋಗುತ್ತದೆ. ಆ ಎರಡು ನಿಮಿಷದಲ್ಲಿ ಎದುರಾಳಿ ಬುಟ್ಟಿ ಹಾಕಿದ ಮೇಲೆ ಟೈಮ್‌ಔಟ್ ಕೇಳಿದರೆ ಚೆಂಡನ್ನು ಮುಂದಿನ ಅಂಕಣದಿಂದ (ತಾವು ಬುಟ್ಟಿ ಹಾಕಬೇಕಾದ ಕಡೆಯ ಅರ್ಧದಿಂದ) ಎಸೆಯಬಹುದು, ಆಗ ಶಾಟ್ ಕ್ಲಾಕ್ (ಶಾಟ್ ಹೊಡೆಯಲು ಇರುವ ಗಡುವು) 14 ಸೆಕೆಂಡ್. ಹಿಂದಿನಿಂದಲೇ ಎಸೆದರೆ 24. ಹಿಂದೆ ಬಿದ್ದ ತಂಡಕ್ಕೆ ಮುಂದಿನ ಜಾಗ ಲಾಭ. ಮುನ್ನಡೆಯಲ್ಲಿರುವ ತಂಡ ಮುಂದೆ ತಂದರೆ ಕರಗಿಸಬಹುದಾಗಿದ್ದ ಹತ್ತು ಸೆಕೆಂಡನ್ನು ತಾನೇ ಬಿಟ್ಟುಕೊಟ್ಟಂತೆ. ಆದರೆ ಎದುರಾಳಿ ಅಂಕಣದುದ್ದಕ್ಕೂ ಒತ್ತುತ್ತಿದ್ದರೆ ಹತ್ತು ಸೆಕೆಂಡ್ ಹೋದರೂ ಮುಂದಿನಿಂದ ಎಸೆಯುವುದೇ ಕ್ಷೇಮ. ನಿರ್ಧಾರ ಕೋಚ್‌ದೇ.

ಜೇಸನ್ ಕಿಡ್ ಅವರನ್ನೇ ನೋಡಿ. 2013ರ ಜೂನ್‌ನಲ್ಲಿ ಆಟಕ್ಕೆ ವಿದಾಯ ಹೇಳಿದವರು ಅದೇ ತಿಂಗಳು ಬ್ರೂಕ್ಲಿನ್ ನೆಟ್ಸ್ ಕೋಚ್. ನವೆಂಬರ್‌ನ ಒಂದು ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಅವರ ಬಳಿ ಟೈಮ್‌ಔಟ್ ಒಂದೂ ಉಳಿದಿರಲಿಲ್ಲ. ಆಟ ನಿಲ್ಲಲೆಂದು ಕೈಲಿದ್ದ ಪಾನೀಯವನ್ನು ಅಂಕಣದ ಮೇಲೆ ಬೇಕೆಂದೇ ಚೆಲ್ಲಿದ್ದಕ್ಕೆ ಎನ್‌ಬಿಎ 50,000 ಡಾಲರ್ ದಂಡ ಹಾಕಿತು. ಅವರು 2019ರಿಂದ ಎರಡು ಋತು ಲೇಕರ್ಸ್ ಬೆಂಚಿನಲ್ಲಿ ಸಹಾಯಕರಾಗಿ ಕುಳಿತರು. 2021ರಲ್ಲಿ ಡಲ್ಲಾಸ್ ಮಾವೆರಿಕ್ಸ್ ಕೋಚ್ ಆದರು, 2024ರಲ್ಲಿ ತಂಡವನ್ನು ಫೈನಲ್ಸ್‌ಗೆ ಒಯ್ದರು. ಅವರ ಬಗ್ಗೆ ಬರೆಯುವವರು ಆ ಎರಡು ಋತುಗಳನ್ನು ಬಿಟ್ಟರೆ ಕಥೆಯ ಕೊಂಡಿಯೇ ಕಳಚಿಹೋಗುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಇಂಥ ಸುದ್ದಿಯಲ್ಲಿ ಆ ವ್ಯಕ್ತಿ ಎಷ್ಟು ವರ್ಷ ಯಾರ ಪಕ್ಕದಲ್ಲಿ ಸಹಾಯಕರಾಗಿದ್ದರು, ಅಲ್ಲಿ ಅವರ ಹೊಣೆ ಆಫೆನ್ಸೋ ಡಿಫೆನ್ಸೋ ಎದುರಾಳಿಯ ಅಧ್ಯಯನವೋ, ಈಗ ಅವರ ಸಹಾಯಕರು ಯಾರು ಎಂಬುದನ್ನು ಸೇರಿಸಿ. ಪಾಯಿಂಟ್ ಪಟ್ಟಿಯಲ್ಲಿ ಎರಡು ಸಾಲು ಕಡಿಮೆಯಾದರೆ ಚಿಂತೆಯಿಲ್ಲ. ಪಂದ್ಯದ ವರದಿಯಲ್ಲಿ, ಕೊನೆಯ ಎರಡು ನಿಮಿಷ ಶುರುವಾದಾಗ ಯಾರ ಬಳಿ ಎಷ್ಟು ಟೈಮ್‌ಔಟ್ ಇತ್ತು ಎಂಬುದನ್ನೂ ಹಾಕಿ. ಟೈಮ್‌ಔಟ್ ಬಳಕೆಯೆಲ್ಲ ಪಂದ್ಯದ ಸ್ಕೋರ್‌ಶೀಟ್‌ನಲ್ಲಿ ದಾಖಲಾಗಿರುತ್ತದೆ.

— ನಿಮ್ಮ ಪತ್ರಿಕೆಯ ಬ್ಯಾಸ್ಕೆಟ್‌ಬಾಲ್ ಓದುಗರು