ಒಂದು ರ‍್ಯಾಮ್ ಕೆಟ್ಟರೆ ಇಡೀ ಕಂಪ್ಯೂಟರ್ ಬದಲಿಸಬೇಕೆ?

ಸಂಪಾದಕರಿಗೆ,

ಮಾನ್ಯರೇ,

ಮಂಗಳೂರು ಮತ್ತು ಉಡುಪಿಯ ಸಹಕಾರಿ ಸಂಘಗಳು, ಡಿಟಿಪಿ ಕೇಂದ್ರಗಳು, ಲೆಕ್ಕಪತ್ರ ಬರೆಯುವ ಸಣ್ಣ ಕಚೇರಿಗಳು ಹಲವೆಡೆ ಇಂದಿಗೂ ಹಳೆಯ ಕಂಪ್ಯೂಟರುಗಳಿಂದಲೇ ನಡೆಯುತ್ತಿವೆ. ಅವುಗಳಲ್ಲಿ ಕೆಲಸದ ವೇಳೆ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ ಪಟ್ಟಿಗಳಾದ ಎರಡು ರ‍್ಯಾಮ್‌ಗಳ ಪೈಕಿ ಒಂದು ಕೆಟ್ಟಾಗ, ಎರಡೂ ಒಂದೇ ಕಂಪನಿಯದ್ದಾಗಿರಬೇಕು, ಇಲ್ಲವಾದರೆ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಫಲಕವಾದ ಮದರ್‌ಬೋರ್ಡ್ ಸುಟ್ಟುಹೋದೀತು ಎಂದು ಹೆದರಿಸಿ ಜೋಡಿಯನ್ನೇ ಮಾರುವುದು, ಅಥವಾ ಹೊಸ ಕಂಪ್ಯೂಟರನ್ನೇ ಕೊಳ್ಳಿರೆಂದು ಸಲಹೆ ನೀಡುವುದು ನಮ್ಮಲ್ಲಿನ ಕೆಲವು ರಿಪೇರಿ ಅಂಗಡಿಗಳಿಗೆ ರೂಢಿಯಾಗಿದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ವಿಪರೀತ ಏರಿದ ಮೇಲೆ ಈ ಸಲಹೆ ಗ್ರಾಹಕನಿಗೆ ಬಹಳ ದುಬಾರಿಯಾಗಿದೆ.

ಮುಖ್ಯವಾಗಿ ಹೊಂದಲೇಬೇಕಾದದ್ದು ತಲೆಮಾರು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ತಲೆಮಾರುಗಳ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ. ವೋಲ್ಟೇಜ್ ಕೂಡ ಕ್ರಮವಾಗಿ 1.5, 1.2, 1.1 ಎಂದು ಬೇರೆಬೇರೆ. ತಲೆಮಾರು ಒಂದೇ ಆಗಿದ್ದರೆ ಕಂಪನಿ, ಗಾತ್ರ, ವೇಗ ಬೇರೆಯಾದರೂ ಸಾಮಾನ್ಯವಾಗಿ ಕಂಪ್ಯೂಟರ್ ನಡೆಯುತ್ತದೆ. ಪ್ರತಿ ರ‍್ಯಾಮ್‌ನಲ್ಲಿಯೂ ಅದರ ವಿವರ ಹೊತ್ತ ಪುಟ್ಟ ಚಿಪ್ ಇರುತ್ತದೆ. ಬೋರ್ಡ್ ಅದನ್ನು ಓದಿ ನಿಧಾನದ್ದರ ವೇಗಕ್ಕೆ ಎಲ್ಲವನ್ನೂ ಇಳಿಸುತ್ತದೆ. ಹೀಗಾಗಿ 3200 ವೇಗದ್ದರ ಜೊತೆ 2666 ವೇಗದ್ದನ್ನು ಹಾಕಿದರೆ ಎರಡೂ 2666ರಲ್ಲಿ ಓಡುತ್ತವೆ. 8 ಜಿಬಿಯ ಜೊತೆ 4 ಜಿಬಿ ಹಾಕಿದಾಗ, ಇಂಟೆಲ್‌ನ ಬಹುತೇಕ ಬೋರ್ಡುಗಳಲ್ಲಿ ಎರಡರಿಂದಲೂ ನಾಲ್ಕು ನಾಲ್ಕು ಜಿಬಿ ಡ್ಯುಯಲ್ ಚಾನೆಲ್ ಆಗಿಯೂ (ಜೋಡಿಯಾಗಿ, ಹೆಚ್ಚು ವೇಗದಲ್ಲಿ), ಉಳಿದ 4 ಜಿಬಿ ಒಂಟಿಯಾಗಿಯೂ ಕೆಲಸ ಮಾಡುತ್ತವೆ. ನುಡಿಯಲ್ಲಿ ಟೈಪ್ ಮಾಡುವವರಿಗೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಈ ವ್ಯತ್ಯಾಸ ಅರಿವಿಗೂ ಬಾರದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮದುವೆ ವಿಡಿಯೊ ಎಡಿಟ್ ಮಾಡುವವರಿಗಾದರೆ ಸ್ವಲ್ಪ ತಿಳಿದೀತು. ಬೋರ್ಡ್ ಸುಡುತ್ತದೆ ಎಂಬ ಮಾತನ್ನು ನಾನಂತೂ ವ್ಯಾಪಾರದ ಮಾತೆಂದೇ ತಿಳಿಯುತ್ತೇನೆ.

ನಿಜವಾಗಿ ಹೆದರಬೇಕಾದದ್ದು ಪರೀಕ್ಷಿಸದೆ ಬಿಟ್ಟ ರ‍್ಯಾಮ್‌ಗೆ. ಪೂರ್ತಿ ಸತ್ತ ರ‍್ಯಾಮ್‌ನಿಂದ ಸಾಮಾನ್ಯವಾಗಿ ಕಂಪ್ಯೂಟರ್ ಶುರುವಾಗದೆ ಬೀಪ್ ಎನ್ನುತ್ತದೆ, ಅಷ್ಟೆ. ಅರೆಬರೆ ಕೆಟ್ಟದ್ದು ಹಾಗಲ್ಲ. ಸಾಮಾನ್ಯ ಕಂಪ್ಯೂಟರುಗಳಲ್ಲಿ ಸರ್ವರ್‌ಗಳಲ್ಲಿರುವಂತಹ ದೋಷ ತಿದ್ದುವ ವ್ಯವಸ್ಥೆ ಇಲ್ಲದಿರುವುದರಿಂದ, ಮೆಮೊರಿಯಲ್ಲಿ ತಪ್ಪಿದ ಅಂಕಿ ಹಾಗೆಯೇ ಹಾರ್ಡ್‌ಡಿಸ್ಕಿಗೆ, ಅಲ್ಲಿಂದ ಬ್ಯಾಕಪ್ಪಿಗೂ ಹೋಗಬಹುದು. ಆದ್ದರಿಂದ ಒಂದು ಕೆಟ್ಟಾಗ ಉಳಿದ ಇನ್ನೊಂದನ್ನು ಒಂಟಿಯಾಗಿ, ಹೊಸದನ್ನು ಸೇರಿಸಿದ ಮೇಲೆ ಎರಡನ್ನೂ ಒಟ್ಟಿಗೆ ಪರೀಕ್ಷಿಸಲೇಬೇಕು. ಪೆನ್‌ಡ್ರೈವಿನಿಂದ ಓಡಿಸಬಹುದಾದ ಮೆಮ್‌ಟೆಸ್ಟ್86+ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ರಾತ್ರಿಯಿಡೀ ಓಡಿಸಿ, ಒಂದೇ ಒಂದು ದೋಷ ಕಂಡರೂ ಒಪ್ಪಬಾರದು. ಅದೇ ರ‍್ಯಾಮ್ ಬೇರೆ ಸ್ಲಾಟಿನಲ್ಲಿ ಸರಿಯಿದ್ದರೆ ದೋಷ ಸ್ಲಾಟಿನದ್ದಿರಬಹುದು. ಕರಾವಳಿಯ ತೇವ ಮತ್ತು ಉಪ್ಪುಗಾಳಿಗೆ ಲೋಹದ ಅಂಚಿನಲ್ಲಿ ಪೊರೆ ಕಟ್ಟುವುದುಂಟು. ವಿದ್ಯುತ್ ಸಂಪರ್ಕ ತೆಗೆದು, ಅಂಚನ್ನು ಒರೆಸಿ ಮತ್ತೆ ಕೂರಿಸಿದಾಗ ಕೆಟ್ಟಿತೆಂದು ಕೈಬಿಟ್ಟ ರ‍್ಯಾಮ್ ಜೀವ ಪಡೆಯುವುದೂ ಇದೆ. ಮಳೆಗಾಲದಲ್ಲಿ ಇಷ್ಟನ್ನಾದರೂ ಮಾಡದೆ ಹೊಸದನ್ನು ಮಾರುವುದು ಸರಿಯಲ್ಲ.

ಅಗ್ಗಕ್ಕೆ ಸಿಗುವ ಸರ್ವರ್‌ನ ಹಳೆಯ ‘ರಿಜಿಸ್ಟರ್ಡ್’ ಎಂಬ ಬಗೆಯ ರ‍್ಯಾಮ್ ಮನೆಯ ಕಂಪ್ಯೂಟರಿನಲ್ಲಿ ನಡೆಯದು ಎಂಬುದನ್ನೂ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ ಎಂಬುದನ್ನೂ ಕೊಳ್ಳುವವರು ಗಮನದಲ್ಲಿಟ್ಟುಕೊಳ್ಳಬೇಕು.

ಉಭಯ ಜಿಲ್ಲೆಗಳ ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟು: ಹಾಕಿದ ರ‍್ಯಾಮ್‌ನ ಕಂಪನಿ, ಗಾತ್ರ, ತಲೆಮಾರು, ವೇಗ ಮತ್ತು ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಯಿರಿ, ಪರೀಕ್ಷೆಯ ಫಲಿತಾಂಶವನ್ನು ಗ್ರಾಹಕನಿಗೆ ತೋರಿಸಿ, ಕೆಟ್ಟದ್ದನ್ನು ಅವನ ಕೈಗೇ ಕೊಡಿ. ಹಲವು ಕಂಪನಿಗಳು ರ‍್ಯಾಮ್‌ಗೆ ದೀರ್ಘಾವಧಿಯ, ಕೆಲವಂತೂ ಜೀವಿತಾವಧಿಯ ವಾರಂಟಿ ಕೊಡುತ್ತವೆ. ಅಂಗಡಿಯ ಡಬ್ಬಿಯಲ್ಲಿ ಉಳಿದುಬಿಟ್ಟ ರ‍್ಯಾಮ್‌ಗೆ ಆ ವಾರಂಟಿ ಕೇಳುವವರಿಲ್ಲ. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್‌ನಂತಹ ಸಂಸ್ಥೆಗಳು ವರ್ಷಕ್ಕೊಮ್ಮೆ ಸಾರ್ವಜನಿಕರ ಕಂಪ್ಯೂಟರುಗಳ ಮೆಮೊರಿ ಪರೀಕ್ಷೆಯನ್ನು ವಿದ್ಯಾರ್ಥಿಗಳಿಂದ ಮಾಡಿಸುವುದಾದರೆ, ಅಂಗಡಿಯ ಮಾತನ್ನು ತಾಳೆ ನೋಡಲು ಜನರಿಗೆ ಇನ್ನೊಂದು ಜಾಗ ಸಿಕ್ಕಂತಾಗುತ್ತದೆ.

ಇತಿ,
ಓರ್ವ ಓದುಗ, ಉಡುಪಿ