ಬಂಗಾರದ ಮೊಳೆ ಸರಿ, ಹಳಿ ಹಾಕಿದವರು ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಮಕ್ಕಳ ಪುಟದ ರೈಲಿನ ಧಾರಾವಾಹಿಯನ್ನು ನಮ್ಮ ಮನೆಯಲ್ಲಿ ಮೊಮ್ಮಗಳು ಗಟ್ಟಿಯಾಗಿ ಓದುತ್ತಾಳೆ, ನಾನು ಕೇಳುತ್ತೇನೆ. ಇಬ್ಬರು ಹುಡುಗರು ಹಳೇ ರೈಲು ಹತ್ತಿ ಸೀದಾ 1869ರ ಅಮೆರಿಕಕ್ಕೆ ಹೋಗುವುದು ಚೆನ್ನಾಗಿದೆ. ಕಾಲ ಹಿಂದಕ್ಕೆ ಹೇಗೆ ಓಡಿತು ಅಂತ ನಾನು ಕೇಳುವುದಿಲ್ಲ, ಕಥೆ ಅಂದಮೇಲೆ ಅದೆಲ್ಲ ನಡೆಯುತ್ತದೆ. ಆದರೆ ಹಳಿಯ ವಿಷಯದಲ್ಲಿ ಸುಮ್ನೆ ಕೂಡಲಾರೆ. ನಾನು ಬಾದಾಮಿ ಕಡೆಯ ಲೈನಿನಲ್ಲಿ ಕೀಮನ್ ಆಗಿ, ಅಂದರೆ ದಿನಾ ಹಳಿಯುದ್ದಕ್ಕೂ ನಡೆದು ಅದನ್ನು ನೋಡಿಕೊಳ್ಳುವವನಾಗಿ ದುಡಿದು ನಿವೃತ್ತನಾದವನು.

ಹೋದ ವಾರದ ಕಂತಿನಲ್ಲಿ ಮೇ 10ರ ಸಮಾರಂಭ ಬಂತು. ಅಮೆರಿಕವನ್ನು ಅಡ್ಡಲಾಗಿ ದಾಟಲು ಎರಡು ಕಡೆಯಿಂದ ಹಾಕುತ್ತ ಬಂದ ಪೂರ್ವದ ಹಳಿ, ಪಶ್ಚಿಮದ ಹಳಿ ಯೂಟಾದ ಪ್ರೊಮೊಂಟರಿಯಲ್ಲಿ ಕೂಡಿದ ದಿನ ಅದು. ಪಶ್ಚಿಮದ ಹಳಿ ಹಾಕಿಸಿದ ಕಂಪನಿಯ ಅಧ್ಯಕ್ಷ ಲೆಲ್ಯಾಂಡ್ ಸ್ಟ್ಯಾನ್‌ಫೋರ್ಡ್ ಸಾಹೇಬರು ಸುತ್ತಿಗೆ ಎತ್ತಿ ಬಂಗಾರದ ಮೊಳೆಗೆ ದಣ್ ಅಂತ ಹೊಡೆದರು ಎಂದು ಬರೆದಿದ್ದೀರಿ. ಬಂಗಾರಕ್ಕೆ ಹಾಗೆ ಹೊಡೆದರೆ ಏನಾಗುತ್ತದೆ ಅಂತ ಯಾವ ಅಕ್ಕಸಾಲಿಗನನ್ನಾದರೂ ಕೇಳಿ. ಹಳಿಯ ಅಡಿಗೆ ಹಾಕುವ ಮರದ ದಿಮ್ಮಿಯಲ್ಲಿ, ಅಂದರೆ ಸ್ಲೀಪರಿನಲ್ಲಿ, ಮೊದಲೇ ತೂತು ಕೊರೆದು ಅದನ್ನು ಇಟ್ಟಿದ್ದರು, ಆಮೇಲೆ ತೆಗೆದುಬಿಟ್ಟರು. ಈಗ ಅದು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಬಳಿ ಇದೆ. ನಿಜವಾಗಿ ಹೊಡೆಯಬೇಕಿದ್ದದ್ದು ಕಬ್ಬಿಣದ ಮೊಳೆ. ಸಾಹೇಬರ ಏಟು ಅದಕ್ಕೂ ತಾಗಲಿಲ್ಲ ಅಂತ ಹೇಳುತ್ತಾರೆ! ಹಳಿ ಕೆಲಸದ ಗ್ಯಾಂಗಿನವರು ಒಳಗೊಳಗೇ ಎಷ್ಟು ನಕ್ಕಿರಬೇಡ.

ಇದು ಸಣ್ಣ ತಕರಾರು. ದೊಡ್ಡದು ಏನೆಂದರೆ, ಟೋಪಿ ಹಾಕಿದ ಸಾಹೇಬರೆಲ್ಲ ಕಥೆಗೆ ಬಂದರು, ಹಳಿ ಹಾಕಿದವರೇ ಬರಲಿಲ್ಲ. ಕ್ಯಾಲಿಫೋರ್ನಿಯಾದಿಂದ ಹೊರಟ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಕೂಲಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಚೀನಾದವರು. ಸಿಯೆರಾ ನೆವಾಡ ಬೆಟ್ಟದ ಕಲ್ಲನ್ನು ಚಾಣ, ಸುತ್ತಿಗೆ, ಸಿಡಿಮದ್ದು ಹಿಡಿದು ಒಡೆದು ಸುರಂಗ ಮಾಡಿದರು. ಹಿಮ ಕುಸಿದು ಸತ್ತರು. ಬಿಳಿಯರಿಗಿಂತ ಪಗಾರ ಕಡಿಮೆ, ಊಟದ ಖರ್ಚು ತಮ್ಮದೇ. 1867ರಲ್ಲಿ ಪಗಾರ ಹೆಚ್ಚಿಸಿ ಅಂತ ಕೆಲಸ ನಿಲ್ಲಿಸಿದಾಗ ಕಂಪನಿ ಅವರ ದಿನಸಿಯನ್ನೇ ತಡೆಯಿತು. ಹೊಟ್ಟೆಯ ಮೇಲೆ ಹೊಡೆಯುವುದು ಅಂದರೆ ಇದೇ.

ಸಮಾರಂಭಕ್ಕೆ ಸ್ವಲ್ಪ ಮೊದಲು, ಏಪ್ರಿಲ್ 28ರಂದು, ಅದೇ ಕಂಪನಿಯವರು ಒಂದೇ ದಿನ 10 ಮೈಲಿ ಹಳಿ ಹಾಕಿದರು. ಮೂರೂವರೆ ಸಾವಿರ ಹಳಿ, ಒಂದೊಂದು ಸುಮಾರು 250 ಕಿಲೋ. ನಮ್ಮ ಗ್ಯಾಂಗಿನಲ್ಲಿ ಒಂದು ಹಳಿ ಬದಲಿಸುವಷ್ಟರಲ್ಲಿ ಸೊಂಟ ಹಿಡಿಯುತ್ತಿತ್ತು. ಅಂದು ಹಳಿ ಎತ್ತಿದ ಎಂಟು ಐರಿಷ್ ಆಳುಗಳ ಹೆಸರು ದಾಖಲೆಯಲ್ಲಿದೆ. ಜೊತೆಗೆ ದುಡಿದ ಚೀನೀಯರ ಹೆಸರಿಲ್ಲ.

ಆದ್ದರಿಂದ ಹುಡುಗರನ್ನು ಸಾಹೇಬರ ಬೋಗಿಯಿಂದ ಇಳಿಸಿ, ಕೂಲಿಗಳ ಡೇರೆಗೆ ಕಳಿಸಿ. ಆ ಚೀನಾದ ಮಂದಿ ನೀರು ಕಾಯಿಸಿ ಚಹಾ ಮಾಡಿ ಕುಡಿಯುತ್ತಿದ್ದರು. ಹಳ್ಳದ ನೀರು ಕುಡಿದವರ ಹಾಗೆ ಹೊಟ್ಟೆ ಕೆಟ್ಟು ಮಲಗುತ್ತಿರಲಿಲ್ಲ. ನಮ್ಮ ಹುಡುಗರಿಗೂ ಅಲ್ಲಿ ಒಂದು ಕಪ್ ಸಿಗಲಿ.

ಮುಂದಿನ ಪ್ರಯಾಣಕ್ಕೆ 1883ರ ನವೆಂಬರ್ 18 ಒಳ್ಳೆಯ ದಿನ. ಊರಿಗೊಂದು ಟೈಮು ಇದ್ದದ್ದನ್ನು ಬಿಟ್ಟು ಅಮೆರಿಕದ ರೈಲುಗಳು ನಾಲ್ಕು ಟೈಮಿಗೆ ಬಂದವು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಕೆಲವು ಊರುಗಳಲ್ಲಿ ಅವತ್ತು ಮಧ್ಯಾಹ್ನದ ಹನ್ನೆರಡು ಎರಡು ಸಲ ಆಯಿತು! ನಮ್ಮ ದೇಶದಲ್ಲೂ ಆಗ ರೈಲು ಮದ್ರಾಸ್ ಟೈಮಿಗೆ ಓಡುತ್ತಿತ್ತು, ಊರಿನ ಗಡಿಯಾರ ಬೇರೆಯೇ ತೋರಿಸುತ್ತಿತ್ತು. ನಮ್ಮ ಗದಗ–ಹೊಟಗಿ ಮೀಟರ್ ಗೇಜ್ ಶುರುವಾದದ್ದು ಮರುವರ್ಷ, 1884ರಲ್ಲಿ. ವಾಪಸ್ ಬರುವಾಗ ಹುಡುಗರನ್ನು ಇಲ್ಲೇ ಇಳಿಸಬಹುದು, ಅಲ್ವಾ?

ಚಿತ್ರ ಬರೆಯುವವರಿಗೂ ಒಂದು ಮಾತು. ಪ್ರೊಮೊಂಟರಿಯಲ್ಲಿ ಎದುರುಬದುರು ನಿಂತ ಇಂಜಿನ್ ಎರಡು, ನಿಮ್ಮ ಚಿತ್ರದಲ್ಲಿ ಒಂದೇ ಇದೆ. ಜುಪಿಟರ್ ಎನ್ನುವುದು ಕಟ್ಟಿಗೆ ಉರಿಸುತ್ತಿತ್ತು, ಅದರ ಚಿಮಣಿ ಮೇಲೆ ಅಗಲ. 119ನೇ ನಂಬರಿನದು ಕಲ್ಲಿದ್ದಲಿನದು, ಚಿಮಣಿ ನೆಟ್ಟಗೆ. ಎರಡನ್ನೂ ಬೇರೆ ಬೇರೆಯಾಗಿ ಬರೆಯಲಿ.

ನಿವೃತ್ತ ರೈಲ್ವೆ ಕೀಮನ್,
ನವನಗರ, ಬಾಗಲಕೋಟೆ