ಬತ್ತದ ಹೂಜಿಗೆ ನೀರಗಂಟಿ ಯಾರು?

ಸಂಪಾದಕರಿಗೆ,

ಮಾನ್ಯರೇ,

ದಾಳ ಉರುಳಿಸುತ್ತ, ಮಾಂತ್ರಿಕರೂ ಯೋಧರೂ ಆಗಿ ಗಂಟೆಗಟ್ಟಲೆ ಕೂರುವ ಹುಡುಗರ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಈ ಆಟ ಮಕ್ಕಳನ್ನು ಊರಿನ ಕಷ್ಟಸುಖದಿಂದ ದೂರ ಒಯ್ಯುತ್ತದೆ ಎಂಬುದು ಲೇಖಕರ ಕೊರಗು. ನನಗಾದದ್ದು ತದ್ವಿರುದ್ಧ. ಪುರಸಭೆಯ ನೀರು ಸರಬರಾಜಿನಲ್ಲಿ ಮೂವತ್ತೊಂದು ವರ್ಷ ಸವೆದು ಮನೆಗೆ ಬಂದ ನನ್ನನ್ನು ಈ ಆಟ ಮತ್ತೆ ವಾಲ್ವ್ ಗುಂಡಿಯ ಪಕ್ಕಕ್ಕೇ ಕರೆದೊಯ್ದು ನಿಲ್ಲಿಸಿತು.

ಮೊಮ್ಮಗಳು ರಜೆಗೆ ಬಂದರೆ ಆಟ ನಮ್ಮ ನಡುಮನೆಯಲ್ಲೇ. ಇಪ್ಪತ್ತು ಮುಖದ ದಾಳ, ಚೌಕುಳಿ ಹಾಳೆ, ಪಕ್ಕದಲ್ಲಿ ಚುರುಮುರಿ ತಟ್ಟೆ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್; ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಬಾಯಲ್ಲೇ ಕಥೆ ಕಟ್ಟುತ್ತ, ಸೋಲುಗೆಲುವನ್ನು ದಾಳಕ್ಕೆ ಬಿಡುವ ಆಟ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಕಡೆಯಿಂದ ಹೊರಟದ್ದು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಕಟ್ಟಿದ್ದು. ಬೆಂಗಳೂರಿಗೆ ಕಾವೇರಿ ಮೊದಲ ಹಂತದ ನೀರು ಬಂದದ್ದೂ ಅದೇ ವರ್ಷ. ಇದು ನನಗೆ ಮಾತ್ರ ಮುಖ್ಯ ಅನಿಸಿದ ವಿಷಯ, ಹುಡುಗರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಟದಲ್ಲಿ ಅವರಿಗೊಂದು ಮಾಯಾ ಹೂಜಿ ಸಿಕ್ಕಿತ್ತು. ಬಿರಡೆ ತೆಗೆದು ಸಂಕೇತದ ಮಾತು ಹೇಳಿದರೆ ನೀರು ಚಿಮ್ಮುತ್ತದೆ, ಎಂದೂ ಬತ್ತುವುದಿಲ್ಲ. ಇದರಿಂದ ಬೆಂಕಿ ಆರಿಸಿದರು, ಎದುರಿಗೆ ಬಂದ ರಾಕ್ಷಸನನ್ನು ಮೆಟ್ಟಿಲ ಕೆಳಗೆ ಉರುಳಿಸಿದರು. ಮುಂದೆ ಕಥೆಯಲ್ಲಿ ಬಾವಿ ಬತ್ತಿದ ಊರೊಂದು ಬಂತು. ಹೂಜಿಯಿಂದ ಬಾವಿ ತುಂಬಿಸಿ, ಊರವರಿಂದ ಜೈಕಾರ ಹಾಕಿಸಿಕೊಂಡು, ಹೂಜಿಯನ್ನು ಚೀಲಕ್ಕೆ ಹಾಕಿ ಹೊರಟೇಬಿಟ್ಟರು.

‘ಅದನ್ನ ಅಲ್ಲೇ ಬಿಟ್ಟು ಹೋಗ್ರೋ’ ಅಂದೆ.

‘ತಾತ, ಅದು ನಮ್ಮ ಗುಂಪಿನ ಐಟಂ’ ಅಂದಳು ಮೊಮ್ಮಗಳು.

ವಸಿಷ್ಠರ ಕಾಮಧೇನುವನ್ನು ಕಂಡ ವಿಶ್ವಾಮಿತ್ರ, ರತ್ನವೆಂಬುದು ರಾಜನಿಗೆ ಸೇರಬೇಕಾದ್ದು ಎಂದು ವಾದ ಹೂಡಿದ ಕಥೆ ಹೇಳಿದೆ. ಆ ಕಾಲಕ್ಕೇ ಭೂಸ್ವಾಧೀನದ ನೋಟಿಸು! ಹುಡುಗರು ನಕ್ಕರು. ನಾನು ಪೆನ್ಸಿಲ್ ತೆಗೆದುಕೊಂಡು ಲೆಕ್ಕಕ್ಕೆ ಕೂತೆ.

ನಿಯಮದ ಪುಸ್ತಕದ ಪ್ರಕಾರ ಹೂಜಿಯ ಗರಿಷ್ಠ ರಭಸ ಆರು ಸೆಕೆಂಡಿಗೆ 30 ಗ್ಯಾಲನ್. ಅಮೆರಿಕದ ಗ್ಯಾಲನ್ನಿನಲ್ಲಿ ಸುಮಾರು 114 ಲೀಟರು, ಅಂದರೆ ನಮ್ಮ ಹೆಂಗಸರು ಸೊಂಟದ ಮೇಲೆ ಹೊರುವ ಕೊಡದಲ್ಲಿ ಏಳೂವರೆ. ಎಡೆಬಿಡದೆ ಸುರಿದರೆ ದಿನಕ್ಕೆ 16 ಲಕ್ಷ ಲೀಟರಿಗೂ ಮೇಲೆ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ನಾವು ಹಿಡಿಯುತ್ತಿದ್ದೆವು. ಆ ಲೆಕ್ಕದಲ್ಲಿ ಒಂದೇ ಹೂಜಿ ಹನ್ನೆರಡು ಸಾವಿರ ಜನರ ಊರನ್ನು ಸಾಕುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅದಕ್ಕೆ ಸುಮಾರು 475 ಹೂಜಿ ಸಾಕು. ನೂರು ಕಿಲೋಮೀಟರ್ ಪೈಪಿಲ್ಲ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಮೂರು ಕಡೆ ಪಂಪು ಹಾಕಿ ಎತ್ತುವ ಕರೆಂಟ್ ಬಿಲ್ಲೂ ಇಲ್ಲ.

ಬೆಲೆಯೇನು ಎಂದು ಕೇಳಿದೆ. ಆಟದ ಹಳೆಯ ಆವೃತ್ತಿಯೊಂದರಲ್ಲಿ ಒಂದು ಹೂಜಿಗೆ 9,000 ಚಿನ್ನದ ನಾಣ್ಯ. ಐವತ್ತು ನಾಣ್ಯಕ್ಕೆ ಒಂದು ಪೌಂಡ್ ತೂಕ. ಎಂಬತ್ತು ಕಿಲೋ ಚಿನ್ನ ಅಂದಹಾಗಾಯಿತು! 475 ಹೂಜಿಗೆ ಮೂವತ್ತೆಂಟು ಟನ್ ದಾಟುತ್ತದೆ. ಐದನೇ ಹಂತಕ್ಕೆ ತಂದ ಜಪಾನಿನ ಸಾಲವೇ ವಾಸಿ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೆಲೆಯಲ್ಲ, ಪುಸ್ತಕದ ಒಂದು ಸಾಲು. ಈಗಿನ ಆವೃತ್ತಿಯಲ್ಲಿ ಒಂದು ಸಲ ಮಾತು ಹೇಳಿದರೆ ಆರು ಸೆಕೆಂಡು ಮಾತ್ರ ನೀರು. ಆಮೇಲೆ ಮತ್ತೆ ಹೇಳಬೇಕು. ಎಂಟು ಗಂಟೆಯ ಪಾಳಿಗೆ 4,800 ಸಲ. ಸಾಲದ್ದಕ್ಕೆ ಆ ರಭಸಕ್ಕೆ ಹೂಜಿ ಹಿಡಿದವನೇ ಮುಗ್ಗರಿಸಿ ಬಿದ್ದಾನು ಎಂದು ಹಳೆಯ ಆವೃತ್ತಿ ಎಚ್ಚರಿಸುತ್ತದೆ. ಸಾಹಸಿಗೆ ಇದೊಂದು ತಮಾಷೆ, ಎರಡು ಸಲ ಚಿಮ್ಮಿಸಿ ಮುಂದಕ್ಕೆ ಹೋಗುತ್ತಾನೆ. ಊರಿಗೆ ಹಾಗಲ್ಲ. ಊರಿಗೆ ಹೂಜಿ ಬಂದ ದಿನವೇ ಒಬ್ಬ ನೀರಗಂಟಿ ಬೇಕು.

ಕೆರೆಯ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಭಾಯಿಸುತ್ತಿದ್ದ ನೀರಗಂಟಿಗೆ ಹಿಂದೆ ಸುಗ್ಗಿಯಲ್ಲಿ ಕಾಳಿನ ಪಾಲು ಸಲ್ಲುತ್ತಿತ್ತು. ಈಗ ಅವನ ಹೆಸರು ವಾಟರ್‌ಮನ್, ಹಲವು ಕಡೆ ಗುತ್ತಿಗೆಯವನು. ನನ್ನ ಕೈಕೆಳಗೆ ಒಬ್ಬನಿದ್ದ. ರಾತ್ರಿ ಮೂರು ಗಂಟೆಗೆ ರಸ್ತೆ ಸದ್ದಡಗಿದ ಮೇಲೆ ಕಬ್ಬಿಣದ ಸರಳಿನ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಗೆ ಒತ್ತಿ ಸೋರಿಕೆ ಎಲ್ಲಿದೆ ಎಂದು ಹೇಳುತ್ತಿದ್ದ. ಅಗೆದರೆ ಅಲ್ಲೇ ಸಿಗುತ್ತಿತ್ತು. ಯಾವ ಬೀದಿಗೆ ಎಷ್ಟು ಸುತ್ತು ಕೀಲಿ ತಿರುಗಿಸಬೇಕು ಎಂಬುದು ಅವನ ಕೈಗೆ ಗೊತ್ತಿತ್ತು, ಯಾವ ನಕ್ಷೆಯಲ್ಲೂ ಇರಲಿಲ್ಲ. ಅವನಿಗೆ ನಾಲ್ಕು ತಿಂಗಳ ಸಂಬಳ ಬಾಕಿ ಇದ್ದಾಗ, ಬಿಲ್ಲಿಗೆ ಸಹಿ ಹಾಕಿಸಲು ಕಡತ ಹಿಡಿದು ಮೇಜಿಂದ ಮೇಜಿಗೆ ಅಲೆದವನು ನಾನು. ಮಾಯದ ಹೂಜಿ ಬಂದಿದ್ದರೆ ಅವನ ಕೆಲಸ ಹೋಗುತ್ತಿತ್ತೇ? ಇಲ್ಲ, ದಿನಕ್ಕೆ 4,800 ಸಲ ಕೂಗುವ ಕೆಲಸ ಮೇಲೆ ಬೀಳುತ್ತಿತ್ತು.

ಇನ್ನೊಂದು ಮಾತು ಹುಡುಗರಿಗೆ ಹೊಳೆದೇ ಇರಲಿಲ್ಲ. ಬಂದ ನೀರು ಎಲ್ಲಿಗೆ ಹೋಗಬೇಕು? ಮನೆಗೆ ಕೊಟ್ಟ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದೇ ಒಳಚರಂಡಿಯ ಲೆಕ್ಕ ಹಾಕುವುದು. ಒಂದು ಹೂಜಿಗೆ ದಿನಕ್ಕೆ 13 ಲಕ್ಷ ಲೀಟರ್ ಕೊಳಚೆ! ಕಾವೇರಿಯನ್ನು ತಂದ ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿತು, 2017ರಲ್ಲಿ ಹೊತ್ತಿ ಉರಿಯಿತು. 2018ರಿಂದ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಹೂಜಿಯ ಜೊತೆಗೆ ಅದನ್ನು ಹಿಂದಕ್ಕೆ ಕುಡಿಯುವ ಇನ್ನೊಂದು ಹೂಜಿಯನ್ನೂ ಬರೆಯಬೇಕಿತ್ತು ಆ ಪುಸ್ತಕದವರು.

ಅಲ್ಲಿಂದ ಹುಡುಗರಿಗೂ ಹುರುಪು ಬಂತು. ಬೀದಿದೀಪಕ್ಕೆ ಆರದ ಪಂಜು ತಂದರು: ಎಣ್ಣೆ ಬೇಡ, ತಂತಿ ಬೇಡ. ಬೆಂಗಳೂರಿನ ಬೀದಿಗೆ 1905ರಲ್ಲಿ ವಿದ್ಯುತ್ ದೀಪ ಬಂದದ್ದು ಶಿವನಸಮುದ್ರದಿಂದ ತಂತಿ ಎಳೆದ ಮೇಲೆ ತಾನೆ? ಆದರೆ ಈ ಪಂಜನ್ನು ಮುಚ್ಚಬಹುದೇ ಹೊರತು ಆರಿಸಲಾಗದು, ಹಗಲೂ ಉರಿಯುತ್ತದೆ. ಹಗಲು ಉರಿಯುವ ಬೀದಿದೀಪ ನಮಗೇನು ಹೊಸದಲ್ಲ ಎಂದು ಅದನ್ನು ಪಾಸು ಮಾಡಿದೆ. ಕಸಕ್ಕೆ, ಮುಟ್ಟಿದ್ದನ್ನೆಲ್ಲ ಇಲ್ಲವಾಗಿಸುವ ಎರಡಡಿಯ ಕಪ್ಪು ಗೋಳ ಸೂಚಿಸಿದರು. ಬೆಂಗಳೂರಿನ ಕಸವನ್ನೆಲ್ಲ ತಂದು ಸುರಿಯುತ್ತಿದ್ದ ಮಂಡೂರಿನವರು ವರ್ಷಗಟ್ಟಲೆ ಕಸದ ಲಾರಿಗಳ ವಿರುದ್ಧ ಹೋರಾಡಿದ್ದು ನೆನೆದರೆ ಆಸೆಯಾಗುತ್ತದೆ. ನಿಯಮ ಓದಿಸಿದೆ: ನಿಯಂತ್ರಿಸುವ ದಾಳ ಸೋತರೆ ಗೋಳ ನಿಯಂತ್ರಿಸುವವನ ಕಡೆಗೇ ಹತ್ತಡಿ ಬರುತ್ತದೆ. ಅದರ ಎದುರಿಗೆ ಕಮಿಷನರ್ ನಿಲ್ಲುವುದಿಲ್ಲ, ಪೌರಕಾರ್ಮಿಕರನ್ನು ನಿಲ್ಲಿಸುತ್ತಾರೆ. ಮ್ಯಾನ್‌ಹೋಲಿಗೆ ಯಾರನ್ನು ಇಳಿಸಿದ್ದೇವೆಂದು ನೋಡಿದವನಾಗಿ ಅದನ್ನು ತಿರಸ್ಕರಿಸಿದೆ.

ಸುಳ್ಳು ಹೇಳಲಾಗದ ವೃತ್ತವೊಂದನ್ನು ಬರೆಯುವ ಮಂತ್ರವೂ ಇದೆ. ಟೆಂಡರು ಹಾಕುವವರನ್ನು ಅದರೊಳಗೆ ನಿಲ್ಲಿಸೋಣ ಎಂದ ಒಬ್ಬ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ನಮ್ಮ ರಾಜ್ಯವೇ ಕಕ್ಷಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ; ಆದ್ದರಿಂದ ಆ ವೃತ್ತ ಕೋರ್ಟಿನಲ್ಲಿ ನಿಲ್ಲದು. ನಿಂತರೂ ಕೆಲಸಕ್ಕೆ ಬಾರದು. ನುಣುಚಿಕೊಳ್ಳುವ ಉತ್ತರಕ್ಕೆ ಮಂತ್ರದಲ್ಲಿ ತಡೆಯಿಲ್ಲ, ಮತ್ತು ‘ಕಡತ ಪರಿಶೀಲನೆಯಲ್ಲಿದೆ’ ಎಂಬುದು ಸುಳ್ಳಲ್ಲವಲ್ಲ.

ಈ ಭಾನುವಾರ ಹುಡುಗರು ಬಾವಿಯ ಊರಿಗೆ ವಾಪಸು ಹೋಗುತ್ತಾರಂತೆ, ಹೂಜಿಯನ್ನು ಅಲ್ಲಿಯ ಪಂಚಾಯ್ತಿಗೆ ಒಪ್ಪಿಸಲು. ಪಾಳಿಪಟ್ಟಿ ನನ್ನದು. ಎರಡೆರಡು ಗಂಟೆಗೆ ಕೈ ಬದಲಾವಣೆ, ದಿನಕ್ಕೆ ಆರು ಜನ, ವಾರದ ರಜೆಗೆ ಬದಲಿ ಒಬ್ಬ, ಒಟ್ಟು ಏಳು. ಗಂಟಲಿಗೆ ಬಿಸಿನೀರು. ಸಂಬಳಕ್ಕೆ ಪುಸ್ತಕದಲ್ಲಿ ಎರಡೇ ದರ: ನುರಿತ ಕೆಲಸದವನಿಗೆ ದಿನಕ್ಕೆ ಎರಡು ಚಿನ್ನದ ನಾಣ್ಯ, ಉಳಿದವನಿಗೆ ಎರಡು ಬೆಳ್ಳಿ ನಾಣ್ಯ. ನೀರಗಂಟಿ ಯಾವ ಸಾಲಿಗೆ ಬರುತ್ತಾನೆ ಎಂದು ಮೊಮ್ಮಗಳು ಕೇಳಿದಳು. ಚಿನ್ನದ ಸಾಲಿಗೆ ಬರೆದುಕೊಟ್ಟಿದ್ದೇನೆ.

– ನಿವೃತ್ತ ಪುರಸಭಾ ಎಂಜಿನಿಯರ್, ತುಮಕೂರು